ಹಿತ್ತಲ ಗಿಡ, ಬಾವಿಯ ಕಪ್ಪೆ

ಪುಣೆಯ ಹೌಸಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ ಅದು ಸದಾಫುಲಿ. ಚೆನ್ನೈಯಲ್ಲಿ ನಿತ್ಯಕಲ್ಯಾಣಿ; ಹಳಬರ ಬಾಯಲ್ಲಿ ಸುಡುಕಾಟ್ಟು ಮಲ್ಲಿ, ಅಂದರೆ ಸುಡುಗಾಡಿನ ಮಲ್ಲಿಗೆ. ಹೈದರಾಬಾದಿನಲ್ಲಿ ಬಿಳ್ಳಗನ್ನೇರು, ದಿಲ್ಲಿಯಲ್ಲಿ ಸದಾಬಹಾರ್, ಕೋಲ್ಕತ್ತದಲ್ಲಿ ನಯನತಾರಾ. ಮಲಯಾಳಿಗಳು ಮಾತ್ರ ಯಾವ ಮುಲಾಜೂ ಇಲ್ಲದೆ ಅದನ್ನು ಶವಂನಾರಿ ಎಂದು ಕರೆದರು: ಹೆಣದ ನಾತದ್ದು. ಕನ್ನಡದಲ್ಲಿ ನಿತ್ಯಪುಷ್ಪ, ಸದಾಪುಷ್ಪ, ಕಾಶಿ ಕಣಗಿಲೆ, ಕೆಲವು ಕಡೆ ತುರ್ಕಮಲ್ಲಿಗೆ. ಗುಲಾಬಿ ಅಥವಾ ಬಿಳಿ ಬಣ್ಣದ ಐದು ಎಸಳು, ನಟ್ಟ ನಡುವೆ ಕುಂಕುಮ ಇಟ್ಟಂತೆ ಒಂದು ಚುಕ್ಕಿ. ಹೆಸರು ಗೊತ್ತಿಲ್ಲದವರಿದ್ದಾರು, ನೋಡದವರು ಇರಲಾರರು. ನೀರು ಹಾಕುವುದನ್ನು ಮರೆತರೂ ಬದುಕುತ್ತದೆ. ದನ, ಆಡುಗಳು ಮೂಸಿ ಮುಂದೆ ಹೋಗುತ್ತವೆ. ಸಿಮೆಂಟು ಬಿರುಕು ಬಿಟ್ಟಲ್ಲಿ ತಾನಾಗಿ ಹುಟ್ಟಿ, ವರ್ಷವಿಡೀ ಹೂಬಿಟ್ಟು, ಯಾರ ಗಮನವನ್ನೂ ಕೇಳದೆ ಇದ್ದುಬಿಡುತ್ತದೆ.

ಈ ಹೆಸರುಗಳಲ್ಲಿ ಒಂದು ಜಾಣತನವೂ ಇದೆ, ಒಂದು ತಪ್ಪೂ ಇದೆ. ಕಣಗಿಲೆ ಎಂದವರ ಕಣ್ಣು ಸೂಕ್ಷ್ಮವಾದದ್ದು. ಆಳೆತ್ತರ ಬೆಳೆಯುವ ಕಣಗಿಲೆಗೂ ಮೊಣಕಾಲೆತ್ತರದ ಈ ಗಿಡಕ್ಕೂ ಗಾತ್ರದಲ್ಲಿ ಹೋಲಿಕೆಯಿಲ್ಲ. ಆದರೆ ಮೊಗ್ಗಿನಲ್ಲಿ ಎಸಳುಗಳು ಒಂದರ ಮೇಲೊಂದು ಸುತ್ತಿಕೊಂಡಿರುವ ರೀತಿ ಒಂದೇ, ಎರಡೂ ಕಹಿ, ಎರಡೂ ವಿಷ. ತೆಲುಗಿನ ಗನ್ನೇರು ಎಂದರೂ ಕಣಗಿಲೆಯೇ. ಸಸ್ಯಶಾಸ್ತ್ರಜ್ಞರು ಬಂದು ನೋಡಿ ಎರಡನ್ನೂ ಅಪೊಸೈನೇಸಿಯೆ ಎಂಬ ಒಂದೇ ಕುಟುಂಬಕ್ಕೆ ಸೇರಿಸಿದರು. ತಪ್ಪಿರುವುದು ಕಾಶಿಯಲ್ಲಿ ಮತ್ತು ತುರ್ಕರಲ್ಲಿ. ಹೊರಗಿಂದ ಬಂದ ವಸ್ತುವಿನ ಊರು ಗೊತ್ತಿಲ್ಲದಾಗ ಕನ್ನಡ ಅದಕ್ಕೆ ಯಾವುದೋ ದೂರದ ಜಾಗವನ್ನೋ ಜನರನ್ನೋ ಅಂಟಿಸಿ ಮುಗಿಸುತ್ತದೆ, ಸೀಮೆಎಣ್ಣೆ ಸೀಮೆಬದನೆಗಳ 'ಸೀಮೆ'ಯ ಹಾಗೆ. ಈ ಗಿಡದ ಸೀಮೆ ಮಡಗಾಸ್ಕರ್. ಇದರ ಕುಲದಲ್ಲಿರುವ ಎಂಟು ಜಾತಿಗಳಲ್ಲಿ ಏಳು ಆ ದ್ವೀಪದವು. ಎಂಟನೆಯದು, ಸಣ್ಣ ಬಿಳಿ ಹೂವಿನ ಒಂದು ಕಳೆ, ಭಾರತ ಮತ್ತು ಶ್ರೀಲಂಕೆಯದು. ಸ್ವಂತ ನೆಲದ ಆ ಕಳೆ ಯಾರಿಗೂ ಪರಿಚಯವಿಲ್ಲ. ಸಮುದ್ರ ದಾಟಿ ಬಂದದ್ದು ಮನೆಮಗಳಾಯಿತು.

ಇನ್ನೊಂದು ಜೀವಿಗೆ ಕನ್ನಡದಲ್ಲಿ ಹೆಸರೇ ಇಲ್ಲ, ಇರಬೇಕಾದ ಕಾರಣವೂ ಇಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ, ಆಂಡಿಸ್ ಪರ್ವತಗಳ ಪಶ್ಚಿಮದ ಇಳಿಜಾರಿನಲ್ಲಿ, ತೊರೆಗಳ ಪಕ್ಕದ ತರಗೆಲೆಗಳ ನಡುವೆ ಇರುವ ಒಂದು ಕಪ್ಪೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಕಂದುಗೆಂಪು ಮೈಮೇಲೆ ತಲೆಯಿಂದ ಹಿಂದಕ್ಕೆ ಎಳೆದ ತಿಳಿ ಬಣ್ಣದ ಪಟ್ಟೆಗಳು. ಮೊಟ್ಟೆಯೊಡೆದು ಬಂದ ಗೊದಮೊಟ್ಟೆಗಳನ್ನು ಗಂಡು ಕಪ್ಪೆ ಬೆನ್ನ ಮೇಲೆ ಹೊತ್ತು ನೀರಿಗೆ ತಲುಪಿಸುತ್ತದೆ. ವಿಜ್ಞಾನ ಅದನ್ನು ಎಪಿಪೆಡೊಬೇಟಿಸ್ ಟ್ರೈಕಲರ್ ಎಂದು ಕರೆಯಿತು: ನೆಲದ ಮೇಲೆ ನಡೆಯುವ ಮೂರು ಬಣ್ಣದ್ದು. 2004ರಲ್ಲಿ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅದು ಅಳಿವಿನಂಚಿನ ಜೀವಿ ಎಂದು ದಾಖಲಾಯಿತು.

ಭೂಮಿಯ ಎರಡು ಮೂಲೆಗಳ ಈ ಇಬ್ಬರು ಅಪರಿಚಿತರು ಒಂದೇ ಕಡೆ ಮತ್ತೆ ಮತ್ತೆ ಎದುರಾಗುತ್ತಾರೆ. ಕಾಡನ್ನು, ಜೀವವೈವಿಧ್ಯವನ್ನು ಏಕೆ ಉಳಿಸಬೇಕು ಎಂದು ವಿವರಿಸುವ ಶಾಲಾ ಪುಸ್ತಕಗಳಲ್ಲಿ, ಭಾಷಣಗಳಲ್ಲಿ, ಪರಿಸರ ದಿನದ ಲೇಖನಗಳಲ್ಲಿ. ಅಲ್ಲಿನ ವಾಕ್ಯ ಹೆಚ್ಚುಕಡಿಮೆ ಹೀಗಿರುತ್ತದೆ: ಮಡಗಾಸ್ಕರಿನ ಕಾಡಿನ ಹೂವೊಂದು ಮಕ್ಕಳ ರಕ್ತದ ಕ್ಯಾನ್ಸರಿಗೆ ಮದ್ದು ಕೊಟ್ಟಿತು, ಈಕ್ವೆಡಾರಿನ ಕಪ್ಪೆಯೊಂದರ ಚರ್ಮದಲ್ಲಿ ಮಾರ್ಫಿನ್ನಿಗಿಂತ 200 ಪಟ್ಟು ಬಲವಾದ ನೋವುನಿವಾರಕ ಸಿಕ್ಕಿತು, ಕಾಡು ಕಡಿದರೆ ಇಂಥವೆಲ್ಲ ಸಿಗುವ ಮೊದಲೇ ಹೋಗಿಬಿಡುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಎರಡರ ಚರಿತ್ರೆಯನ್ನೂ ಪೂರ್ತಿ ಓದಿದರೆ ಈ ವಾಕ್ಯ ನಿಲ್ಲುವುದಿಲ್ಲ. ಹೂವು ಮತ್ತು ಕಪ್ಪೆ ಒಂದೇ ಪಕ್ಷದ ಸಾಕ್ಷಿಗಳಲ್ಲ.

*

ಹೂವಿನ ಕಥೆ ಲಿಖಿತವಾಗಿ ಶುರುವಾಗುವುದು 1658ರಲ್ಲಿ. ಮಡಗಾಸ್ಕರಿನ ದಕ್ಷಿಣ ತುದಿಯಲ್ಲಿ ಫ್ರೆಂಚರು ಕಟ್ಟಿದ ಕೋಟೆಯ ಅಧಿಕಾರಿಯಾಗಿದ್ದ ಎತಿಯೆನ್ ದ ಫ್ಲಾಕೂರ್ ಆ ದ್ವೀಪದ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಈ ಗಿಡದ ಪ್ರಸ್ತಾಪವಿದೆ. ಮುಂದಿನ ಶತಮಾನದಲ್ಲಿ ಬೀಜ ಪ್ಯಾರಿಸ್ ಮುಟ್ಟಿತು. ಅಲ್ಲಿಂದ ಲಂಡನ್ನಿನ ಚೆಲ್ಸಿ ಔಷಧಿ ತೋಟದ ಮುಖ್ಯಸ್ಥ ಫಿಲಿಪ್ ಮಿಲ್ಲರ್ ಕೈಗೆ ಬಂತು. 1759ರಲ್ಲಿ ಲಿನೇಯಸ್ ಅದಕ್ಕೆ ವಿಂಕಾ ರೋಸಿಯಾ ಎಂದು ಹೆಸರಿಟ್ಟ. 1837ರಲ್ಲಿ ಜಾರ್ಜ್ ಡಾನ್ ಅದನ್ನು ಬೇರೆ ಕುಲಕ್ಕೆ ಹಾಕಿ ಕ್ಯಾಥರಾಂಥಸ್, ಅಂದರೆ 'ಶುದ್ಧ ಹೂ', ಎಂದು ಕರೆದ. ಹೆಸರು ಬದಲಾದರೂ ಔಷಧಿಗಳ ಮೈಮೇಲೆ ಹಳೆಯ 'ವಿಂಕಾ' ಉಳಿದುಕೊಂಡಿತು: ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್.

ಇಷ್ಟರಲ್ಲಿ ಗಿಡ ಯಾರ ಅಪ್ಪಣೆಗೂ ಕಾಯದೆ ಹಡಗುಗಳ ಜೊತೆ ಬಿಸಿನಾಡುಗಳಿಗೆಲ್ಲ ಹೋಗಿತ್ತು. ಮಡಗಾಸ್ಕರಿನಲ್ಲೇ ಅದು ದಟ್ಟ ಮಳೆಕಾಡಿನ ಜೀವಿಯಲ್ಲ. ಸಮುದ್ರದಂಚಿನ ಮರಳು, ದಾರಿಯ ಬದಿ, ಜನ ಓಡಾಡಿ ಕೆದಕಿದ ನೆಲ ಅದಕ್ಕೆ ಇಷ್ಟ. ಮನುಷ್ಯ ಹಾಳುಮಾಡಿದ ಜಾಗದಲ್ಲಿ ಬದುಕುವ ಗುಣವೇ ಅದನ್ನು ಜಮೈಕಾದ ಅಂಗಳಕ್ಕೂ ಫಿಲಿಪೀನ್ಸಿನ ಹಿತ್ತಲಿಗೂ ನಮ್ಮ ತುಳಸಿಕಟ್ಟೆಯ ಪಕ್ಕಕ್ಕೂ ತಂದಿಟ್ಟದ್ದು. ಹೋದಲ್ಲೆಲ್ಲ ಜನ ಅದರ ಎಲೆ ಅಗಿದು ನೋಡಿದರು. ಒಬ್ಬರಿಗೊಬ್ಬರಿಗೆ ಸಂಬಂಧವೇ ಇಲ್ಲದ ಜಮೈಕಾ, ದಕ್ಷಿಣ ಆಫ್ರಿಕಾ, ಫಿಲಿಪೀನ್ಸ್, ಭಾರತಗಳಲ್ಲಿ ಅದು ಸಕ್ಕರೆ ಕಾಯಿಲೆಯ ಮನೆಮದ್ದಾಯಿತು. ಇಂಗ್ಲೆಂಡಿನಲ್ಲಿ ವಿಂಕ್ಯುಲಿನ್ ಎಂಬ ಹೆಸರಿನಲ್ಲಿ ಅದನ್ನು ಮಾರಿದ್ದೂ ಉಂಟು. ಬಿಳಿ ಹೂವಿನ ಗಿಡದ ಎಲೆಯನ್ನು ಖಾಲಿ ಹೊಟ್ಟೆಯಲ್ಲಿ ಅಗಿಯುವವರು ಇಂದಿಗೂ ನಮ್ಮಲ್ಲಿದ್ದಾರೆ. ಆ ಎಲೆ ದೇಹದಲ್ಲಿ ಏನು ಮಾಡಬಲ್ಲದು ಎಂಬುದು ಮುಂದೆ ಬರುತ್ತದೆ. ಅದನ್ನು ಓದಿದ ಮೇಲೆ ಅಗಿಯುವ ಧೈರ್ಯ ಉಳಿಯಲಿಕ್ಕಿಲ್ಲ.

ಇಲ್ಲಿ ಕಥೆ 1921ರ ಟೊರಾಂಟೊಗೆ ಹೋಗಬೇಕು. ಇನ್ಸುಲಿನ್ ಹುಡುಕುತ್ತಿದ್ದ ಫ್ರೆಡರಿಕ್ ಬ್ಯಾಂಟಿಂಗ್‌ಗೆ ಬೇಸಿಗೆಯ ಕೆಲಸಕ್ಕೆ ಒಬ್ಬ ವಿದ್ಯಾರ್ಥಿ ಸಹಾಯಕ ಬೇಕಿತ್ತು. ಇಬ್ಬರಿದ್ದರು, ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್. ಯಾರು ಮೊದಲು ಹೋಗಬೇಕೆಂದು ನಾಣ್ಯ ಚಿಮ್ಮಿದರು. ಬೆಸ್ಟ್ ಗೆದ್ದ, ಕೆಲಸದಲ್ಲಿ ಮುಂದುವರಿದ, ಚರಿತ್ರೆ ಸೇರಿದ. ನೋಬಲ್ ಸಾಮಾನ್ಯ ವೈದ್ಯನಾದ. ಮೂವತ್ತೊಂದು ವರ್ಷ ಕಳೆದು, 1952ರಲ್ಲಿ, ಜಮೈಕಾದಿಂದ ಅವನಿಗೆ ಒಂದು ಲಕೋಟೆ ಬಂತು. ಒಳಗೆ ಈ ಗಿಡದ 25 ಎಲೆಗಳಿದ್ದವು. ಇನ್ಸುಲಿನ್ ಸಿಗದಾಗ ಅಲ್ಲಿನ ಜನ ಇದರ ಕಷಾಯ ಕುಡಿಯುತ್ತಾರೆ, ಇದರಲ್ಲಿ ಏನಿದೆ ನೋಡಿ ಎಂಬುದು ಕೋರಿಕೆ. ಕ್ಲಾರ್ಕ್ ಆ ಹೊತ್ತಿಗೆ ನಿವೃತ್ತ. ಲಕೋಟೆಯನ್ನು ತಮ್ಮ ರಾಬರ್ಟ್ ನೋಬಲ್‌ಗೆ ದಾಟಿಸಿದ. ರಾಬರ್ಟ್ ಒಂಟಾರಿಯೊದ ಪಶ್ಚಿಮ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ಅವನಿದ್ದ ಪ್ರಯೋಗಾಲಯಕ್ಕೆ ಇಟ್ಟಿದ್ದ ಹೆಸರು ಕಾಲಿಪ್ ಅವರದು, ಟೊರಾಂಟೊದಲ್ಲಿ ಇನ್ಸುಲಿನ್ನನ್ನು ಶುದ್ಧ ಮಾಡಿದ ಅದೇ ಜೇಮ್ಸ್ ಕಾಲಿಪ್. ಸಕ್ಕರೆ ಕಾಯಿಲೆಯ ಎಲೆಗೆ ಇದಕ್ಕಿಂತ ಸರಿಯಾದ ವಿಳಾಸ ಇರಲಿಲ್ಲ.

ರಾಬರ್ಟ್ ಇಲಿಗಳಿಗೆ ಕಷಾಯ ಕುಡಿಸಿದ. ರಕ್ತದ ಸಕ್ಕರೆಯಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಬಹಳ ಮಂದಿ ಅಲ್ಲಿಗೇ ಬಿಡುತ್ತಿದ್ದರು. ಆತ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ನೋಡಿದ. ಸಕ್ಕರೆ ಆಗಲೂ ಕದಲಲಿಲ್ಲ, ಆದರೆ ವಾರದೊಳಗೆ ಇಲಿಗಳು ಸತ್ತವು. ಕೊಯ್ದು ನೋಡಿದರೆ ಮೈತುಂಬ ಕೀವುಗಡ್ಡೆಗಳು. ಮಾಮೂಲಿ ಇಲಿಯನ್ನು ಏನೂ ಮಾಡದ ಸೋಂಕು ಇವನ್ನು ಕೊಂದಿತ್ತು, ಏಕೆಂದರೆ ಕಾಯಬೇಕಾದ ಬಿಳಿ ರಕ್ತಕಣಗಳೇ ಇರಲಿಲ್ಲ. ಎಲುಬಿನ ಒಳಗೆ ಅವು ಹುಟ್ಟುವ ಜಾಗವನ್ನೇ ಎಲೆಯ ಸಾರ ಬರಿದು ಮಾಡಿತ್ತು. ಬಿಳಿಕಣಗಳು ಮಿತಿಮೀರಿ ಹುಟ್ಟುವ ರೋಗ ಒಂದಿದೆಯಲ್ಲ, ಅದಕ್ಕೆ ಇದು ಏನು ಮಾಡೀತು ಎಂಬ ಪ್ರಶ್ನೆ ಹುಟ್ಟಿದ್ದು ಆ ಸತ್ತ ಇಲಿಗಳ ಮುಂದೆ.

1954ರಲ್ಲಿ ಚಾರ್ಲ್ಸ್ ಬೀರ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಆ ಪ್ರಯೋಗಾಲಯ ಸೇರಿದ. ಜಮೈಕಾದ ಎಲೆ ಸಾಲದೆ ಕೆನಡಾದ ಚಳಿಯಲ್ಲಿ ಗಾಜಿನ ಮನೆಗಳೊಳಗೆ ಗಿಡ ಬೆಳೆಸಿದರು. ಪ್ರತ್ಯೇಕಿಸಿದ ವಸ್ತುವಿನ ವರದಿ 1958ರಲ್ಲಿ ಹೊರಬಂತು, ಅದೇ ವಿನ್‌ಬ್ಲಾಸ್ಟಿನ್. ಅದೇ ಹೊತ್ತಿಗೆ ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೋಡಾ ಮತ್ತು ಅರ್ವಿಂಗ್ ಜಾನ್ಸನ್ ಕೂಡ, ಸಕ್ಕರೆ ಕಾಯಿಲೆಯ ಕೀರ್ತಿ ಕೇಳಿಯೇ, ಇದೇ ಗಿಡವನ್ನು ಪರೀಕ್ಷೆಗೆ ಹಾಕಿ, ರಕ್ತದ ಕ್ಯಾನ್ಸರ್ ಇದ್ದ ಇಲಿಗಳು ಹೆಚ್ಚು ದಿನ ಬದುಕುವುದನ್ನು ಕಂಡಿದ್ದರು. ಎರಡು ಗುಂಪುಗಳೂ ಕೈಜೋಡಿಸಿದವು. ಸ್ವೊಬೋಡಾ ಸ್ವಲ್ಪವೇ ಸ್ವಲ್ಪ ಬೇರೆಯಾದ ಇನ್ನೊಂದು ಅಣುವನ್ನು ತೆಗೆದ. ಅದು ವಿನ್‌ಕ್ರಿಸ್ಟಿನ್, 1963ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟ ಔಷಧಿ. ಜೀವಕೋಶ ಎರಡಾಗುವಾಗ ಒಳಗಿನ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ನೂಲುಗಳಿರುತ್ತವೆ. ಈ ಅಣುಗಳು ಆ ನೂಲು ಹೆಣೆಯಲು ಬಿಡುವುದಿಲ್ಲ. ಬೇಗಬೇಗ ಎರಡಾಗುವ ಕೋಶಗಳಿಗೆ ಅದರ ಪೆಟ್ಟು ಹೆಚ್ಚು.

ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ 1960ರ ಸುಮಾರಿಗೆ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುತ್ತಿರಲಿಲ್ಲ. ಇಂದು ಒಳ್ಳೆಯ ಚಿಕಿತ್ಸೆ ಸಿಗುವಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ಇದೆಲ್ಲ ಒಂದು ಹೂವಿನ ಮಹಿಮೆ ಎಂದು ಬರೆಯುವುದು ಮಾತ್ರ ಸರಿಯಲ್ಲ. 1960ರ ದಶಕದಲ್ಲಿ ಗೆದ್ದದ್ದು ಔಷಧಿಗಳ ಕೂಟ. ಆ ಮೊದಲ ಕೂಟವನ್ನು 'ವ್ಯಾಂಪ್' ಎನ್ನುತ್ತಿದ್ದರು. ಅದರ 'ವಿ' ವಿನ್‌ಕ್ರಿಸ್ಟಿನ್ ಆದರೆ, 'ಎ' ಅಮೆಥಾಪ್ಟೆರಿನ್, ಇವತ್ತಿನ ಮೆಥೊಟ್ರೆಕ್ಸೇಟ್. ಅದು ಬಂದದ್ದು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮುನ್ನಡೆಸಿದ ಅಮೆರಿಕದ ಪ್ರಯೋಗಾಲಯದಿಂದ. ಹೈದರಾಬಾದಿನ ಓದುಗರು ಈ ಹೆಸರನ್ನು ಹೂವಿನ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಈ ಇಡೀ ಸರಣಿಯಲ್ಲಿ ಮಡಗಾಸ್ಕರಿನ ಕಾಡು ಎಲ್ಲೂ ಇಲ್ಲ ಎಂಬುದನ್ನು ಗಮನಿಸಬೇಕು. ಜಮೈಕಾದ ಎಲೆ, ಕೆನಡಾದ ಗಾಜಿನಮನೆ, ಮುಂದೆ ಭಾರತ ಮತ್ತು ಮಡಗಾಸ್ಕರಿನಿಂದ ಮೂಟೆ ಕಟ್ಟಿ ಹೋದ ಒಣಎಲೆ, ಆಮೇಲೆ ಟೆಕ್ಸಾಸ್‌ನ ಹೊಲಗಳು. ತಮಿಳುನಾಡಿನ ತಿರುನೆಲ್ವೇಲಿ, ತೂತ್ತುಕುಡಿ ಕಡೆಯ ಒಣಭೂಮಿಯಲ್ಲಿ ರೈತರು ಇದನ್ನು ಬೆಳೆಯಾಗಿಯೇ ಬಿತ್ತುತ್ತಾರೆ. ಲಖನೌದ ಸಿಮ್ಯಾಪ್ ಸಂಸ್ಥೆ ನಿರ್ಮಲ್, ಧವಲ್ ಎಂಬ ತಳಿಗಳನ್ನೇ ಬಿಡುಗಡೆ ಮಾಡಿದೆ. ಇಷ್ಟು ಎಲೆ ಏಕೆ ಬೇಕೆಂದರೆ, ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೊ ಒಣಎಲೆ ಬೇಕು, ಒಂದು ಗ್ರಾಂ ವಿನ್‌ಕ್ರಿಸ್ಟಿನ್‌ಗೆ ಅದರ ನಾಲ್ಕರಷ್ಟು. ಗಿಡ ಈ ಅಣುವಿನ ಎರಡು ಅರ್ಧಗಳನ್ನು ಬೇರೆ ಬೇರೆ ಕಡೆ ಇಡುತ್ತದೆ, ಒಂದನ್ನು ಎಲೆಯ ಮೇಲ್ಮೈಯ ಮೇಣದಲ್ಲಿ, ಇನ್ನೊಂದನ್ನು ಎಲೆಯ ಒಳಗೆ. ಅವೆರಡೂ ಸೇರುವುದೇ ಅಪರೂಪ. ಅಪರೂಪದ ಗಿಡವಾಗಿದ್ದರೆ ಈ ಲೆಕ್ಕದಲ್ಲಿ ಔಷಧಿ ಸಾಧ್ಯವೇ ಇರಲಿಲ್ಲ. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಈ ಹೂವು ತಿರುಗಿಸಿ ಹಾಕುತ್ತದೆ: ಎಲ್ಲರ ಹಿತ್ತಲಿನಲ್ಲಿ ಇದ್ದದ್ದರಿಂದಲೇ ಅದು ಮದ್ದಾದದ್ದು. ಊರೂರಿನ ಜನ ಅಗಿದು ನೋಡಿದರು, ಯಾರೋ ಲಕೋಟೆಯಲ್ಲಿ ಹಾಕಿ ಕಳಿಸಿದರು, ಬೇಕೆಂದಾಗ ಟನ್‌ಗಟ್ಟಲೆ ಸಿಕ್ಕಿತು.

*

ಕಪ್ಪೆಯ ಕಥೆಯಲ್ಲಿ ಇದ್ಯಾವುದೂ ಇಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಸಾಯನಶಾಸ್ತ್ರಜ್ಞ ಜಾನ್ ಡೇಲಿ ತನ್ನ ವೃತ್ತಿಜೀವನದ ಬಹುಪಾಲನ್ನು ವಿಷಕಪ್ಪೆಗಳ ಚರ್ಮಕ್ಕೆ ಕೊಟ್ಟವನು. ಜೊತೆಗೆ ಕಪ್ಪೆಗಳನ್ನು ಬಲ್ಲ ಚಾರ್ಲ್ಸ್ ಮೈಯರ್ಸ್. 1974ರಲ್ಲಿ ಇಬ್ಬರೂ ಈಕ್ವೆಡಾರಿನ ನೈಋತ್ಯ ಭಾಗದಲ್ಲಿ ಈ ಪುಟ್ಟ ಪಟ್ಟೆಕಪ್ಪೆಗಳನ್ನು ಹಿಡಿದರು. ಚರ್ಮದ ಸಾರವನ್ನು ಒಂದಿಷ್ಟು ಇಲಿಗೆ ಚುಚ್ಚಿದಾಗ ಅದರ ಬಾಲ ಸೆಟೆದು ಬೆನ್ನ ಮೇಲೆ ಬಿಲ್ಲಿನಂತೆ ಬಾಗಿತು. ಔಷಧಶಾಸ್ತ್ರದವರಿಗೆ ಈ ಬಾಲ ಹಳೆಯ ಪರಿಚಯ. ಮಾರ್ಫಿನ್ ಕೊಟ್ಟರೆ ಇಲಿಯ ಬಾಲ ಹೀಗೆಯೇ ಏಳುತ್ತದೆ. ಆದರೆ ಮಾರ್ಫಿನ್ನಿನ ಪರಿಣಾಮವನ್ನು ತಡೆಯುವ ಮದ್ದು ಈ ಸಾರವನ್ನು ತಡೆಯಲಿಲ್ಲ. ಅಂದರೆ ನೋವನ್ನು ಅಡಗಿಸುವ ಬೇರೆಯೇ ಒಂದು ಬಾಗಿಲು ಇಲ್ಲಿತ್ತು. ಅಫೀಮಿನ ಚಟವಿಲ್ಲದ ನೋವುನಿವಾರಕ ಎಂಬುದು ಆಗಲೂ ಈಗಲೂ ವೈದ್ಯಲೋಕದ ದೊಡ್ಡ ಕನಸು.

1976ರಲ್ಲಿ ಅವರು ಮತ್ತೆ ಹೋಗಿ 750 ಕಪ್ಪೆಗಳ ಚರ್ಮ ತಂದರು. ಈ ಸಂಖ್ಯೆಯ ಮೇಲೆ ಒಂದು ಕ್ಷಣ ನಿಲ್ಲಬೇಕು. ಇಂದಾದರೆ ಯಾವ ಸಂಸ್ಥೆಯೂ ಒಪ್ಪಲಿಕ್ಕಿಲ್ಲ. ಇಷ್ಟಾದರೂ ಸಿಕ್ಕ ಶುದ್ಧ ವಸ್ತು ಚಿಟಿಕೆಗೂ ಸಾಲದಷ್ಟು. ಅಂದಿನ ಉಪಕರಣಗಳಿಗೆ ಅಷ್ಟರಿಂದ ಅಣುವಿನ ರಚನೆ ಓದಲು ಆಗುತ್ತಿರಲಿಲ್ಲ. ಹಾಳುಮಾಡುವುದಕ್ಕಿಂತ ಕಾಯುವುದೇ ವಾಸಿ ಎಂದು ಡೇಲಿ ಅದನ್ನು ಎತ್ತಿಟ್ಟ. ಹತ್ತು ವರ್ಷಕ್ಕೂ ಮೀರಿ ಅದು ಹಾಗೆಯೇ ಇತ್ತು.

ಮತ್ತಷ್ಟು ಕಪ್ಪೆ ತರಬಹುದಿತ್ತಲ್ಲ? 1980ರ ದಶಕದಲ್ಲಿ ವಿಷಕಪ್ಪೆಗಳ ಅಂತರರಾಷ್ಟ್ರೀಯ ಸಾಗಾಟಕ್ಕೆ ನಿರ್ಬಂಧ ಬಂತು. ಸಾಕಿ ಬೆಳೆಸಬಹುದಿತ್ತಲ್ಲ? ಬೆಳೆಸಿದರು, ಚೆನ್ನಾಗಿಯೇ ಬೆಳೆದವು, ಪಟ್ಟೆಗಳೂ ಮೂಡಿದವು. ಚರ್ಮದಲ್ಲಿ ಮಾತ್ರ ಏನೂ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ, ಹಣ್ಣಿನ ನೊಣ ತಿಂದು ಬೆಳೆದ ಕಪ್ಪೆ ಪೂರ್ತಿ ನಿರುಪದ್ರವಿ. ಕಾಡಿನಲ್ಲೂ ಒಂದು ಜಾಗದ ಕಪ್ಪೆಗಳಲ್ಲಿ ಇದ್ದ ವಿಷ ಇನ್ನೊಂದು ಜಾಗದ ಕಪ್ಪೆಗಳಲ್ಲಿ ಕಾಣಲಿಲ್ಲ. ಡೇಲಿ ಮತ್ತು ಅವನ ಬಳಗ ನಿಧಾನವಾಗಿ ಅರ್ಥಮಾಡಿಕೊಂಡದ್ದು ಇದು: ಈ ಕಪ್ಪೆಗಳು ವಿಷವನ್ನು ತಯಾರಿಸುವುದಿಲ್ಲ. ತಿಂದ ಇರುವೆ, ನುಸಿ, ಸಣ್ಣ ಜೀರುಂಡೆಗಳಲ್ಲಿ ಇರುವುದನ್ನು ಜೀರ್ಣಿಸದೆ ಚರ್ಮಕ್ಕೆ ಸಾಗಿಸಿ ಕೂಡಿಡುತ್ತವೆ. ಕೂಡಿಡುವಾಗ ತಾವೇ ಸಾಯಬಾರದಲ್ಲ, ಅದಕ್ಕೂ ಒಂದು ಉಪಾಯ ಅವುಗಳ ಮೈಯಲ್ಲಿದೆ. ವಿಷ ಹೋಗಿ ಕೂರುವ ನರದ ಗ್ರಾಹಕದಲ್ಲಿ ಒಂದೆರಡು ಸಣ್ಣ ಬದಲಾವಣೆಗಳಾಗಿ ಅದು ಅಲ್ಲಿ ಸರಿಯಾಗಿ ಅಂಟಿಕೊಳ್ಳುವುದಿಲ್ಲ ಎಂದು 2017ರಲ್ಲಿ ರೆಬೆಕಾ ಟಾರ್ವಿನ್ ಮತ್ತು ಸಂಗಡಿಗರು ತೋರಿಸಿದರು.

ಹೂವಿಗೂ ಕಪ್ಪೆಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಗಿಡ ತನ್ನ ವಿಷವನ್ನು ತಾನೇ ಅಟ್ಟುಕೊಳ್ಳುತ್ತದೆ. ಮಣ್ಣು ಮಡಗಾಸ್ಕರಿನದಾಗಲಿ ಮಾಟುಂಗಾದ ಬಾಲ್ಕನಿಯ ಕುಂಡದ್ದಾಗಲಿ, ಅಡುಗೆಯ ವಿಧಾನ ಅದರ ಬೀಜದೊಳಗೇ ಇದೆ. 2022ರಲ್ಲಿ ಜೇ ಕೀಸ್ಲಿಂಗ್ ಬಳಗ ಆ ಅಡುಗೆಯ ಮೂವತ್ತು ಹಂತಗಳನ್ನು ಬ್ರೆಡ್ಡು ಹುದುಗಿಸುವ ಯೀಸ್ಟಿಗೆ ಕಲಿಸಿ, ಅಣುವಿನ ಎರಡೂ ಅರ್ಧಗಳನ್ನು ಪಡೆದು, ವಿನ್‌ಬ್ಲಾಸ್ಟಿನ್ ಜೋಡಿಸಿತು. ಅಂದರೆ ಈಗ ಗಿಡವೂ ಕಡ್ಡಾಯವಲ್ಲ. ಕಪ್ಪೆಯ ವಿಷ ಹಾಗಲ್ಲ. ಅದು ಒಂದು ತೊರೆ, ಅದರ ಬದಿಯ ತರಗೆಲೆ, ಅದರೊಳಗಿನ ಯಾವುದೋ ಹುಳ, ಆ ಹುಳದ ಆಹಾರ, ಇವೆಲ್ಲದರ ಒಟ್ಟು ಲೆಕ್ಕ. ಕಪ್ಪೆಯನ್ನು ಉಳಿಸಿ ಜಾಗವನ್ನು ಕಳೆದುಕೊಂಡರೆ ವಿಷ ಉಳಿಯುವುದಿಲ್ಲ. ಬಾವಿಯ ಕಪ್ಪೆ ಎಂದು ನಾವು ಬೈಯುವುದು ತನ್ನ ಜಾಗ ಬಿಟ್ಟು ಬೇರೆ ಏನೂ ಗೊತ್ತಿಲ್ಲದವರನ್ನು. ಈ ಕಪ್ಪೆಯ ಮಟ್ಟಿಗೆ ಆ ಬಾವಿಯೇ ಅದರ ಆಸ್ತಿ.

ಎತ್ತಿಟ್ಟ ಸಾರವನ್ನು ಓದಬಲ್ಲ ಉಪಕರಣಗಳು ಕೊನೆಗೂ ಬಂದವು. 1992ರಲ್ಲಿ ರಚನೆ ಪ್ರಕಟವಾಯಿತು. ಕಪ್ಪೆಯ ಕುಲದ ಹೆಸರಿನಿಂದಲೇ ಅಣುವಿಗೆ ಎಪಿಬ್ಯಾಟಿಡಿನ್ ಎಂದು ಹೆಸರಿಟ್ಟರು. ನಿಕೋಟಿನ್ನಿನ ದೂರದ ನೆಂಟ, ಮೈಯಲ್ಲಿ ಒಂದು ಕ್ಲೋರಿನ್ ಪರಮಾಣು. ಮರುವರ್ಷವೇ ಹಲವು ಪ್ರಯೋಗಾಲಯಗಳಲ್ಲಿ ಅದನ್ನು ಕೃತಕವಾಗಿ ಕಟ್ಟಿದರು. ಇನ್ನು ಕಪ್ಪೆ ಬೇಕಿರಲಿಲ್ಲ. ಆದರೆ ನೋವು ಅಡಗಿಸುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವೆ ಜಾಗವೇ ಇಲ್ಲದಷ್ಟು ಅದು ಕ್ರೂರವಾಗಿತ್ತು. ಅಬಾಟ್ ಕಂಪನಿಯವರು ಅದನ್ನು ಮಾದರಿಯಾಗಿಟ್ಟುಕೊಂಡು ಸೌಮ್ಯವಾದ ಇನ್ನೊಂದು ಅಣು ಮಾಡಿದರು, ಟೆಬಾನಿಕ್ಲಿನ್. 1998ರಲ್ಲಿ ಅದರ ವರದಿ ಬಂದಾಗ ಪತ್ರಿಕೆಗಳು ಕಪ್ಪೆಯ ಚಿತ್ರ ಹಾಕಿ ಸಂಭ್ರಮಿಸಿದವು. ರೋಗಿಗಳ ಮೇಲಿನ ಪ್ರಯೋಗದಲ್ಲಿ ನೋವು ಕಡಿಮೆಯಾಯಿತು, ಜೊತೆಗೆ ವಾಕರಿಕೆ, ತಲೆಸುತ್ತು ತಡೆಯಲಾರದಷ್ಟಾಯಿತು. ಕಂಪನಿ ಅದನ್ನು ಕೈಬಿಟ್ಟಿತು. ಕಪ್ಪೆಯಿಂದ ಮದ್ದು ಬರಲಿಲ್ಲ.

*

ಅಳಿವಿನಂಚಿನ ಕಪ್ಪೆ ಎಂಬ ಮಾತಿಗೂ ಒಂದು ತೊಡಕಿದೆ, ಅದು ಹೆಸರಿನದು. 1899ರಲ್ಲಿ ಬೂಲಾಂಜೆ ಟ್ರೈಕಲರ್ ಎಂಬ ಕಪ್ಪೆಯನ್ನು ವಿವರಿಸಿದ್ದ. 1921ರಲ್ಲಿ, ಟೊರಾಂಟೊದಲ್ಲಿ ನಾಣ್ಯ ಚಿಮ್ಮಿದ ಅದೇ ವರ್ಷ, ಇನ್ನೊಬ್ಬ ನೋಬಲ್, ನ್ಯೂಯಾರ್ಕಿನ ಜಿ. ಕೆ. ನೋಬಲ್, ಆಂಥೊನಿಯೈ ಎಂಬ ಇನ್ನೊಂದನ್ನು ವಿವರಿಸಿದ. 1970ರ ದಶಕದಲ್ಲಿ ಎರಡೂ ಒಂದೇ ಎಂದು ಹಳೆಯ ಹೆಸರಿಗೆ ಸೇರಿಸಿದರು. ಡೇಲಿಯ ಪ್ರಬಂಧಗಳಲ್ಲಿ ಟ್ರೈಕಲರ್ ಎಂದಿರುವುದು ಈ ಕಾರಣಕ್ಕೆ. 2004ರಲ್ಲಿ ವಂಶವಾಹಿಗಳನ್ನು ನೋಡಿ ಮತ್ತೆ ಬೇರೆ ಮಾಡಿದರು. ಇಂದಿನ ವಿಂಗಡಣೆಯ ಪ್ರಕಾರ 750 ಚರ್ಮ ಕೊಟ್ಟದ್ದು ಆಂಥೊನಿಯೈ. ಅದು ದಕ್ಷಿಣ ಈಕ್ವೆಡಾರ್ ಮತ್ತು ಪಕ್ಕದ ಪೆರುವಿನಲ್ಲಿ, ಕೋಕೊ ಮತ್ತು ಬಾಳೆ ತೋಟಗಳಲ್ಲೂ ಹೇಗೋ ಹೊಂದಿಕೊಂಡಿದೆ. ನಿಜವಾದ ಟ್ರೈಕಲರ್ ಇರುವುದು ಉತ್ತರಕ್ಕೆ, ಬೊಲಿವಾರ್ ಪ್ರಾಂತದ ಕೆಲವೇ ಜಾಗಗಳಲ್ಲಿ. ಕಾಡು ಕಡಿದದ್ದರಿಂದ, ತೊರೆಗೆ ಹೊಲದ ವಿಷ ಹರಿದದ್ದರಿಂದ ಕುಗ್ಗಿರುವುದು ಅದು. ಕೀರ್ತಿ ಒಂದರದು, ಅಪಾಯ ಇನ್ನೊಂದರದು; ಲೇಖನಗಳು ಇವೆರಡನ್ನೂ ಹೊಲಿದು ಒಂದು ಕಪ್ಪೆ ಮಾಡಿಕೊಂಡವು. ಮದ್ದಿನ ಕಾರಣಕ್ಕೇ ಕಪ್ಪೆಯನ್ನು ಉಳಿಸಬೇಕೆಂದು ವಾದಿಸುವವರು ಈಗ ಬೊಲಿವಾರ್‌ನ ಕಪ್ಪೆಗೆ ಏನು ಹೇಳುತ್ತಾರೆ? ಆ ಚರ್ಮ ತಮಗೆ ಬೇಕಾದದ್ದಲ್ಲ, ಬೇಕಾದದ್ದರಿಂದಲೂ ಮದ್ದು ಬರಲಿಲ್ಲ ಎಂದೇ? ಉಪಯೋಗದ ತಕ್ಕಡಿಯಲ್ಲಿ ಇಟ್ಟ ಜೀವಿಗೆ ಎಂದಾದರೂ ಒಂದು ದಿನ ತೂಕ ಕಡಿಮೆ ಬೀಳುವ ಅಪಾಯ ಇದ್ದೇ ಇದೆ. ಉಭಯವಾಸಿಗಳ 2023ರ ಜಾಗತಿಕ ಗಣತಿ ನೋಡಿದ ಸುಮಾರು ಎಂಟು ಸಾವಿರ ಜಾತಿಗಳಲ್ಲಿ ಐದರಲ್ಲಿ ಎರಡು ಅಪಾಯದಲ್ಲಿವೆ. ಇವುಗಳಲ್ಲಿ ಇಲಿಯ ಬಾಲ ಎಬ್ಬಿಸಿದವು ಎಷ್ಟು?

ಇನ್ನು ಲಾಭದ ಮಾತು. ಎರಡು ಕಥೆಗಳಲ್ಲೂ ಮೂಲದ ದೇಶಕ್ಕೆ ಏನೂ ಸಿಗಲಿಲ್ಲ ಎಂಬ ದೂರು ಇದೆ, ಅದು ನಿಜವೂ ಹೌದು. ಆದರೆ ದೂರಿನ ತೂಕ ಎರಡರಲ್ಲೂ ಒಂದೇ ಅಲ್ಲ. ವಿನ್‌ಕ್ರಿಸ್ಟಿನ್ ಮಾರುಕಟ್ಟೆಗೆ ಬಂದಾಗ ಮಡಗಾಸ್ಕರ್ ಸ್ವತಂತ್ರವಾಗಿ ಮೂರೇ ವರ್ಷ. ಲಾಭದಲ್ಲಿ ಪಾಲು ಕೊಡಬೇಕಾದರೆ ಯಾರಿಗೆ? ಗಿಡ ಮಡಗಾಸ್ಕರಿನದು, ಎಲೆ ಜಮೈಕಾದ್ದು, ಮನೆಮದ್ದಿನ ತಿಳಿವಳಿಕೆ ಮೂರು ನಾಲ್ಕು ಖಂಡಗಳ ಅನಾಮಿಕರದು. ಆ ತಿಳಿವಳಿಕೆಯೋ ಸಕ್ಕರೆ ಕಾಯಿಲೆಯ ಬಗ್ಗೆ, ಕ್ಯಾನ್ಸರಿನ ಬಗ್ಗೆ ಅಲ್ಲ. ಹಾಗೆಂದು ಅದಿಲ್ಲದಿದ್ದರೆ ಲಕೋಟೆ ಹೊರಡುತ್ತಲೂ ಇರಲಿಲ್ಲ. ಮುನ್ನೂರು ವರ್ಷ ಊರೂರು ಸುತ್ತಿದ ಗಿಡದ ಮೇಲೆ ಒಂದೇ ದೇಶದ ಹೆಸರು ಬರೆಯುವುದು ಕಷ್ಟ. ಕಪ್ಪೆಯ ಲೆಕ್ಕ ಸರಳ. ಒಂದು ದೇಶ, ಅದರಲ್ಲೂ ಕೆಲವೇ ಕಣಿವೆಗಳು. ಬಂದು ಹಿಡಿದವರು ಯಾರು, ಯಾವ ವರ್ಷ, ಎಷ್ಟು ಎಂಬುದೆಲ್ಲ ದಾಖಲೆಯಲ್ಲಿದೆ. ಜೀವವೈವಿಧ್ಯ ಆಯಾ ದೇಶದ ಹಕ್ಕು ಎಂದು ಸಾರಿದ ಅಂತರರಾಷ್ಟ್ರೀಯ ಒಪ್ಪಂದ ರಿಯೊ ಡಿ ಜನೈರೊದಲ್ಲಿ ಸಹಿಗೆ ತೆರೆದುಕೊಂಡದ್ದು 1992ರ ಜೂನ್‌ನಲ್ಲಿ, ಎಪಿಬ್ಯಾಟಿಡಿನ್ನಿನ ರಚನೆ ಪ್ರಕಟವಾದ ವರ್ಷವೇ. ಕಪ್ಪೆಗಳನ್ನು ಒಯ್ದು ಹದಿನಾರು ವರ್ಷವಾಗಿತ್ತು. ಅಮೆರಿಕ ಆ ಒಪ್ಪಂದವನ್ನು ಇವತ್ತಿಗೂ ಅನುಮೋದಿಸಿಲ್ಲ.

ಅಂದ ಹಾಗೆ ಆಂಥೊನಿಯೈ ಕಪ್ಪೆಯೂ ಈಗ ಒಂದು ಬಗೆಯಲ್ಲಿ ಹಿತ್ತಲ ಜೀವಿ. ಸಾಕಲು ಸುಲಭ, ಬೇಗ ಮರಿಮಾಡುತ್ತದೆ, ಪುಟ್ಟ ಹಕ್ಕಿಯಂತೆ ಸಿಳ್ಳೆ ಹಾಕುತ್ತದೆ. ಯುರೋಪು, ಅಮೆರಿಕಗಳಲ್ಲಿ ಹವ್ಯಾಸಿಗಳು ಗಾಜಿನ ಪೆಟ್ಟಿಗೆಗಳಲ್ಲಿ ಪಾಚಿ, ಜರಿಗಿಡ ನೆಟ್ಟು ತಲೆಮಾರುಗಳಿಂದ ಸಾಕುತ್ತಿದ್ದಾರೆ. ಅವುಗಳ ಮೈಬಣ್ಣ ಕಾಡಿನಲ್ಲಿದ್ದಂತೆಯೇ ಇದೆ, ಗಂಡು ಈಗಲೂ ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ, ಮುಟ್ಟಿದರೆ ಏನೂ ಆಗುವುದಿಲ್ಲ. ಈಕ್ವೆಡಾರಿನ ಆ ತೊರೆಯ ಬದಿಯಲ್ಲಿ ಅವುಗಳ ಪೂರ್ವಜರು ತಿನ್ನುತ್ತಿದ್ದ, ಎಪಿಬ್ಯಾಟಿಡಿನ್ ಇದ್ದ ಹುಳ ಯಾವುದು ಎಂಬುದು ಇಷ್ಟು ವರ್ಷಗಳ ಹುಡುಕಾಟದ ನಂತರವೂ ಪತ್ತೆಯಾಗಿಲ್ಲ.